ಯುದ್ಧ ಕಸಿದ ಹರೆಯ, ಮರಳಿ ಕಟ್ಟುವ ಬಗೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ದೂರದ ಯುದ್ಧವೂ ಹಾಗೆಯೇ. ಕಿರುತೆರೆಯ ಮೇಲೆ ವಾರ್ತೆಗಳ ನಡುವೆ ಅರ್ಧ ನಿಮಿಷ ಕಾಣಿಸುವ ಹೊಗೆ, ಮುರಿದುಬಿದ್ದ ಗೋಡೆ, ಗಂಟುಮೂಟೆ ಹೊತ್ತು ಸಾಲಾಗಿ ನಡೆಯುವ ಜನ, ಇಷ್ಟರಲ್ಲೇ ಅದು ಮುಗಿದುಹೋಗುತ್ತದೆ. ಆ ಸಾಲಿನಲ್ಲಿ ನಿಮ್ಮದೇ ವಯಸ್ಸಿನ ಹುಡುಗ ಹುಡುಗಿಯರೂ ಇರುತ್ತಾರೆ. ಅವರ ಶಾಲೆ ಏನಾಯಿತು, ಪರೀಕ್ಷೆ ಏನಾಯಿತು, ಮುಂದಿನ ಹತ್ತು ವರ್ಷ ಅವರು ಎಲ್ಲಿ, ಹೇಗೆ ಬೆಳೆಯುತ್ತಾರೆ ಎಂಬ ಪ್ರಶ್ನೆಗಳಿಗೆ ವಾರ್ತೆಯಲ್ಲಿ ಉತ್ತರ ಸಿಗುವುದಿಲ್ಲ. ಆ ಪ್ರಶ್ನೆಗಳನ್ನೇ ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲು ಸಮಸ್ಯೆಯ ಗಾತ್ರವನ್ನು ತಿಳಿಯಬೇಕು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ ಯುದ್ಧ, ಹಿಂಸೆ ಮತ್ತು ಕಿರುಕುಳದಿಂದ ನೆಲೆ ತಪ್ಪಿದವರ ಸಂಖ್ಯೆ 12 ಕೋಟಿ 32 ಲಕ್ಷ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ ಇತ್ತು. ಅಂದರೆ ನಮ್ಮಂಥ ಎರಡು ರಾಜ್ಯಗಳ ಅಷ್ಟೂ ಜನ ಮನೆ ಬಿಟ್ಟು ಹೊರಬಿದ್ದಂತೆ. ಇವರಲ್ಲಿ ನೂರಕ್ಕೆ ಸುಮಾರು 40 ಮಂದಿ ಹದಿನೆಂಟು ವರ್ಷದೊಳಗಿನವರು.

ನಿರಾಶ್ರಿತರು ಯಾರು?

ಮಾತಿನಲ್ಲಿ ನಾವು ಮನೆ ಕಳೆದುಕೊಂಡ ಎಲ್ಲರನ್ನೂ ನಿರಾಶ್ರಿತರು ಎನ್ನುತ್ತೇವೆ. ಕಾನೂನಿನಲ್ಲಿ ಈ ಪದಕ್ಕೆ ಖಚಿತವಾದ ಅರ್ಥವಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಮುಂತಾದ ಕಾರಣಗಳಿಗಾಗಿ ಕಿರುಕುಳಕ್ಕೆ ಒಳಗಾಗುವ ಭಯದಿಂದ ದೇಶದ ಗಡಿ ದಾಟಿದವರು ನಿರಾಶ್ರಿತರು ಎಂದು 1951ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಗಡಿ ದಾಟದೆ ಸ್ವಂತ ದೇಶದಲ್ಲೇ ಅಲೆಯುವವರನ್ನು ಆಂತರಿಕವಾಗಿ ಸ್ಥಳಾಂತರಗೊಂಡವರು ಎನ್ನುತ್ತಾರೆ. ಇವರ ಸಂಖ್ಯೆಯೇ ಹೆಚ್ಚು. 2024ರ ಕೊನೆಗೆ 7 ಕೋಟಿ 35 ಲಕ್ಷ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ದೂರ ಮಾಡಿಕೊಳ್ಳಬೇಕು. ನಿರಾಶ್ರಿತರೆಲ್ಲ ಶ್ರೀಮಂತ ದೇಶಗಳಿಗೆ ಹೋಗುತ್ತಾರೆ ಎಂದು ಹಲವರು ತಿಳಿದಿದ್ದಾರೆ. ನಿಜದಲ್ಲಿ ಬಹುಪಾಲು ಜನ ಪಕ್ಕದ ದೇಶದಲ್ಲೇ ಉಳಿಯುತ್ತಾರೆ, ಆ ದೇಶಗಳೂ ಸಾಮಾನ್ಯವಾಗಿ ಬಡದೇಶಗಳೇ. ಅಲ್ಲಿ ಅವರು ಒಂದೆರಡು ತಿಂಗಳಲ್ಲ, ಅನೇಕ ವರ್ಷ ಇರುತ್ತಾರೆ. ಹಸುಗೂಸಾಗಿ ಶಿಬಿರಕ್ಕೆ ಬಂದವರು ಅಲ್ಲಿಯೇ ಬೆಳೆದು, ಮದುವೆಯಾಗಿ, ತಮ್ಮ ಮಕ್ಕಳನ್ನು ಎತ್ತಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

ನಡುವೆ ಬಿಟ್ಟುಹೋಗುವ ವಯಸ್ಸು

ಯುದ್ಧ ಎಲ್ಲರಿಗೂ ಕಷ್ಟವೇ. ಹಾಗಿರುವಾಗ ಹರೆಯದವರ ಬಗ್ಗೆ ಪ್ರತ್ಯೇಕವಾಗಿ ಏಕೆ ಮಾತನಾಡಬೇಕು?

ಪರಿಹಾರ ಕಾರ್ಯ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಶಿಬಿರ ತೆರೆದ ಕೂಡಲೇ ಲಸಿಕೆ ಮತ್ತು ಪೌಷ್ಟಿಕ ಆಹಾರ ಪುಟ್ಟ ಮಕ್ಕಳಿಗೆ ಮೊದಲು ಸಿಗುತ್ತದೆ, ಅದು ಸರಿಯೇ. ಪಡಿತರ ಚೀಟಿ ಕುಟುಂಬದ ಯಜಮಾನನ ಹೆಸರಿನಲ್ಲಿ ಆಗುತ್ತದೆ. ಪ್ರಾಥಮಿಕ ಶಾಲೆ ಒಂದು ಡೇರೆಯಲ್ಲಾದರೂ ಶುರುವಾಗುತ್ತದೆ. ಹದಿನೈದರಿಂದ ಇಪ್ಪತ್ತನಾಲ್ಕರ ನಡುವಿನವರು ಈ ಯಾವ ಪಟ್ಟಿಗೂ ಸೇರುವುದಿಲ್ಲ. ಪ್ರೌಢಶಾಲೆ ಇರುವುದಿಲ್ಲ, ಕೆಲಸ ಮಾಡಲು ಪರವಾನಗಿ ಇರುವುದಿಲ್ಲ. ಓದಿದ ತರಗತಿಯ ಅಂಕಪಟ್ಟಿ ಸುಟ್ಟ ಮನೆಯಲ್ಲೇ ಉಳಿದಿರುತ್ತದೆ. ಅದಿಲ್ಲದೆ ಹೊಸ ಊರಿನ ಶಾಲೆ ಸೇರಿಸಿಕೊಳ್ಳುವುದಿಲ್ಲ. ತಂದೆ ತೀರಿಕೊಂಡಿದ್ದರೆ ಹದಿನಾರರ ಹುಡುಗನೇ ಮನೆಯ ಹಿರಿಯ. ಹುಡುಗಿಯಾದರೆ ಹೊರೆ ಇಳಿಸಿಕೊಳ್ಳಲೆಂದೋ ರಕ್ಷಣೆಗೆಂದೋ ಬೇಗ ಮದುವೆ ಮಾಡಿಬಿಡುತ್ತಾರೆ.

ಹೀಗೆ ಕೈಯಲ್ಲಿ ಕೆಲಸವಿಲ್ಲದೆ, ಮುಂದೇನೆಂದು ತೋಚದೆ ಕುಳಿತ ಹರೆಯದವರನ್ನು ಹುಡುಕಿಕೊಂಡು ಬರುವವರು ಸಶಸ್ತ್ರ ಗುಂಪುಗಳು. ಅವು ಊಟ, ಬಟ್ಟೆ ಮತ್ತು ಒಂದು ಗುರುತನ್ನು ಕೊಡುತ್ತವೆ; ಬದಲಿಗೆ ಬಂದೂಕು ಹಿಡಿಸುತ್ತವೆ. ಆದ್ದರಿಂದ ಈ ವಯಸ್ಸಿನವರನ್ನು ಕೈಬಿಟ್ಟರೆ ಒಂದು ಯುದ್ಧವೇ ಮುಂದಿನ ಯುದ್ಧಕ್ಕೆ ಆಳುಗಳನ್ನು ತಯಾರು ಮಾಡಿದಂತಾಗುತ್ತದೆ.

ಸೂಡಾನಿನ ಹುಡುಗರು

ಇದನ್ನು ಒಂದು ನಿಜವಾದ ಚರಿತ್ರೆಯಿಂದ ಅರ್ಥ ಮಾಡಿಕೊಳ್ಳೋಣ. 1983ರಲ್ಲಿ ಸೂಡಾನ್ ದೇಶದಲ್ಲಿ ಉತ್ತರದ ಸರ್ಕಾರಕ್ಕೂ ದಕ್ಷಿಣದ ಬಂಡುಕೋರರಿಗೂ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಡಿಂಕಾ ಮತ್ತು ನುಯೆರ್ ಜನ ದನ ಸಾಕುವವರು. ಹಳ್ಳಿಗಳ ಮೇಲೆ ದಾಳಿಯಾದಾಗ ಅನೇಕ ಹುಡುಗರು ಊರ ಹೊರಗೆ ದನ ಮೇಯಿಸುತ್ತಿದ್ದರು. ಹಿಂದಿರುಗಿದರೆ ಊರೇ ಇರಲಿಲ್ಲ. ಅವರು ಗುಂಪು ಗುಂಪಾಗಿ ಪೂರ್ವಕ್ಕೆ, ಇಥಿಯೋಪಿಯದ ಕಡೆಗೆ ನಡೆದರು. ಏಳೆಂಟು ವರ್ಷದವರೂ ಅದರಲ್ಲಿದ್ದರು. ಹಸಿವು, ಬಾಯಾರಿಕೆ, ರೋಗ ಮತ್ತು ಕಾಡುಮೃಗಗಳಿಗೆ ಬಲಿಯಾದವರು ಅನೇಕರು. ಹೀಗೆ ಮನೆಯವರಿಂದ ಬೇರ್ಪಟ್ಟವರ ಸಂಖ್ಯೆ ಸುಮಾರು 20,000 ಎಂದು ಅಂದಾಜು. ಜಗತ್ತು ಅವರನ್ನು ‘ಕಳೆದುಹೋದ ಹುಡುಗರು’ ಎಂದು ಕರೆಯಿತು.

ಇಥಿಯೋಪಿಯದ ಶಿಬಿರದಲ್ಲಿ ಕೆಲವು ವರ್ಷ ಕಳೆಯುವಷ್ಟರಲ್ಲಿ, 1991ರಲ್ಲಿ ಅಲ್ಲಿನ ಸರ್ಕಾರವೇ ಉರುಳಿತು. ಹುಡುಗರು ಮತ್ತೆ ಓಡಬೇಕಾಯಿತು. ಗಡಿಯ ಗಿಲೋ ನದಿಯನ್ನು ದಾಟುವಾಗ ಅನೇಕರು ಮುಳುಗಿ, ಗುಂಡೇಟು ತಿಂದು ಸತ್ತರು. ಉಳಿದವರು ಕೊನೆಗೆ 1992ರಲ್ಲಿ ಕೀನ್ಯಾದ ವಾಯವ್ಯ ಭಾಗದ ಒಣನೆಲದಲ್ಲಿ ತೆರೆದ ಕಕುಮಾ ಶಿಬಿರವನ್ನು ತಲುಪಿದರು.

ಕಕುಮಾದಲ್ಲಿ ಕಲಿಯಬೇಕಾದ ಪಾಠಗಳಿವೆ. ಇಷ್ಟೊಂದು ಮಂದಿ ಅನಾಥ ಹುಡುಗರನ್ನು ದೊಡ್ಡ ಅನಾಥಾಲಯದಲ್ಲಿ ಕೂಡಿಹಾಕಲಿಲ್ಲ. ಕೆಲವರನ್ನು ತಮ್ಮದೇ ಜನಾಂಗದ ಕುಟುಂಬಗಳ ಜೊತೆ ಇರಿಸಿದರು. ಉಳಿದವರು ಚಿಕ್ಕ ಗುಂಪುಗಳಾಗಿ ಒಟ್ಟಿಗೆ ಅಡುಗೆ ಮಾಡಿಕೊಂಡು, ತಮ್ಮ ಭಾಷೆ ಬಲ್ಲ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಬಾಳಿದರು. ಶಾಲೆ ನಡೆಯಿತು. ಹೆಚ್ಚು ಓದಿದ ಹುಡುಗರೇ ಕಿರಿಯರಿಗೆ ಮೇಷ್ಟರಾದರು.

2000–2001ರ ಸುಮಾರಿನಲ್ಲಿ ಇವರಲ್ಲಿ 3,500ಕ್ಕೂ ಹೆಚ್ಚು ಮಂದಿಗೆ ಅಮೆರಿಕ ಆಶ್ರಯ ನೀಡಿತು. ಅವರಲ್ಲಿ ಹುಡುಗಿಯರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ! ಕಾರಣವನ್ನು ಗಮನಿಸಿ. ಶಿಬಿರಕ್ಕೆ ಬಂದ ಹುಡುಗಿಯರನ್ನು ರೂಢಿಯಂತೆ ಸಾಕುಕುಟುಂಬಗಳಿಗೆ ಒಪ್ಪಿಸಲಾಗಿತ್ತು. ಕುಟುಂಬದೊಳಗೆ ಇರುವವರನ್ನು ‘ಯಾರೂ ಇಲ್ಲದವರು’ ಎಂದು ಲೆಕ್ಕ ಹಿಡಿಯಲಿಲ್ಲ. ಅವರಲ್ಲಿ ಅನೇಕರು ಆ ಮನೆಗಳಲ್ಲಿ ನೀರು ಹೊತ್ತು, ಸೌದೆ ತಂದು ಓದಿನಿಂದ ವಂಚಿತರಾದರು. ಒಳ್ಳೆಯ ಉದ್ದೇಶದಿಂದ ಮಾಡಿದ ಏರ್ಪಾಡೂ ಹುಡುಗಿಯರನ್ನು ಹೇಗೆ ಮರೆಯಬಲ್ಲದು ಎಂಬುದಕ್ಕೆ ಇದೊಂದು ಸಾಕ್ಷಿ.

ಮುಂದೆ ಇವರು ಏನಾದರು? ಹನ್ನೊಂದನೆಯ ವಯಸ್ಸಿನಲ್ಲಿ ಊರು ಬಿಟ್ಟು ನಡೆದ ಸಾಲ್ವಾ ಡಟ್ ಅಮೆರಿಕ ಸೇರಿದ ಬಳಿಕ ತಂದೆ ಬದುಕಿರುವ ಸುದ್ದಿ ಕೇಳಿದರು. ಕೆಟ್ಟ ನೀರಿನಿಂದ ತಂದೆ ರೋಗಕ್ಕೆ ತುತ್ತಾಗಿದ್ದರು. 2003ರಲ್ಲಿ ಅವರು ಸಂಸ್ಥೆಯೊಂದನ್ನು ಕಟ್ಟಿ ದಕ್ಷಿಣ ಸೂಡಾನಿನ ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಲು ತೊಡಗಿದರು. ವ್ಯಾಲೆಂಟಿನೊ ಅಚಕ್ ಡೆಂಗ್ ತಮ್ಮ ಹುಟ್ಟೂರು ಮರಿಯಲ್ ಬಾಯ್‌ನಲ್ಲಿ 2009ರಲ್ಲಿ ಪ್ರೌಢಶಾಲೆ ತೆರೆದರು. ಆರನೆಯ ವಯಸ್ಸಿನಲ್ಲಿ ಅಪಹರಣಕ್ಕೆ ಒಳಗಾಗಿ, ತಪ್ಪಿಸಿಕೊಂಡು ಕಕುಮಾದಲ್ಲಿ ಹತ್ತು ವರ್ಷ ಬೆಳೆದ ಲೋಪೆಜ್ ಲೊಮಾಂಗ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಧ್ವಜ ಹಿಡಿದು ನಡೆದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ನಿರಾಶ್ರಿತರದೇ ತಂಡ ಸ್ಪರ್ಧಿಸಿತು. ಅದರ ಹತ್ತು ಮಂದಿಯಲ್ಲಿ ಐವರು ದಕ್ಷಿಣ ಸೂಡಾನಿನ ಓಟಗಾರರು. ಧ್ವಜ ಹಿಡಿದ ರೋಸ್ ಲೊಕೊನ್ಯೆನ್ ಕಕುಮಾದ ಹುಡುಗಿ.

ಇವು ಬೆಳಕಿಗೆ ಬಂದ ಹೆಸರುಗಳು. ಶಿಬಿರದಲ್ಲೇ ಉಳಿದವರ ಕಥೆ ಬೇರೆ. ಕೀನ್ಯಾದಲ್ಲಿ ಬಹಳ ವರ್ಷ ನಿರಾಶ್ರಿತರು ಅನುಮತಿಯಿಲ್ಲದೆ ಶಿಬಿರ ಬಿಟ್ಟು ಹೋಗುವಂತಿರಲಿಲ್ಲ. ಶಿಬಿರದ ಶಾಲೆಯಲ್ಲಿ ಪಾಠ ಹೇಳಿದರೂ ಸಂಬಳದ ಬದಲು ಅಲ್ಪ ಗೌರವಧನ. ದಕ್ಷಿಣ ಸೂಡಾನ್ 2011ರ ಜುಲೈ 9ರಂದು ಸ್ವತಂತ್ರವಾದಾಗ ಅನೇಕರು ಆಸೆಯಿಂದ ಊರಿಗೆ ಮರಳಿದರು. 2013ರ ಡಿಸೆಂಬರಿನಲ್ಲಿ ಅಲ್ಲಿ ಮತ್ತೆ ಕದನ ಹೊತ್ತಿಕೊಂಡಿತು, ಕಕುಮಾ ಮತ್ತೆ ತುಂಬಿತು.

ನಮ್ಮ ನೆಲದ ಅನುಭವ

ಈ ವಿಷಯ ನಮಗೆ ತೀರ ದೂರದ್ದೇನೂ ಅಲ್ಲ. 1947ರ ದೇಶವಿಭಜನೆಯಲ್ಲಿ ಲಕ್ಷಾಂತರ ಜನ ಮನೆ ಕಳೆದುಕೊಂಡು ದೆಹಲಿ, ಪಂಜಾಬ್ ಮತ್ತು ಬಂಗಾಳದ ಶಿಬಿರಗಳಿಗೆ ಬಂದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿ ಇವರ ನಡುವೆ ಕೆಲಸ ಮಾಡಿದರು. ದೆಹಲಿಯ ಬಳಿಯ ಫರೀದಾಬಾದಿನಲ್ಲಿ ವಾಯವ್ಯ ಗಡಿನಾಡಿನಿಂದ ಬಂದವರಿಗೆ ಹೊಸ ಊರು ಕಟ್ಟುವಾಗ ಕೆಲಸವನ್ನು ಗುತ್ತಿಗೆದಾರರಿಗೆ ಬಿಡದೆ, ನಿರಾಶ್ರಿತರದೇ ಸಹಕಾರ ಸಂಘಗಳಿಗೆ ವಹಿಸುವ ಪ್ರಯೋಗ ನಡೆಯಿತು. ತಮ್ಮ ಮನೆಯನ್ನು ತಾವೇ ಕಟ್ಟಿದವರಿಗೆ ಕೂಲಿಯೂ ಸಿಕ್ಕಿತು, ಕೈಕಸುಬೂ ಬಂತು.

ಎರಡನೆಯ ಉದಾಹರಣೆ ಕರ್ನಾಟಕದೊಳಗೇ ಇದೆ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದರು; ಸುಮಾರು 80,000 ಟಿಬೆಟಿಯನ್ನರು ಅವರನ್ನು ಹಿಂಬಾಲಿಸಿದರು. ದೊಡ್ಡವರಿಗೆ ಹಿಮಾಲಯದ ಗುಡ್ಡಗಳಲ್ಲಿ ರಸ್ತೆ ಕಡಿಯುವ ಕೂಲಿ ಸಿಕ್ಕಿತು. ಮಕ್ಕಳು ಆ ರಸ್ತೆಬದಿಯ ಡೇರೆಗಳಲ್ಲೇ ಕಾಯಿಲೆ ಬೀಳತೊಡಗಿದರು. 1960ರ ಮೇ ತಿಂಗಳಿನಲ್ಲಿ ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದು ಶಿಶುವಿಹಾರ ಆರಂಭಿಸಿದರು. ಅದೇ ಮುಂದೆ ‘ಟಿಬೆಟಿಯನ್ ಮಕ್ಕಳ ಗ್ರಾಮ’ವಾಗಿ ಬೆಳೆಯಿತು. ಅಲ್ಲಿ ಮಕ್ಕಳು ವಸತಿಶಾಲೆಯ ಸಾಲುಮಂಚಗಳ ಬದಲು, ಒಬ್ಬ ಸಾಕುತಾಯಿಯ ಆರೈಕೆಯ ಮನೆಗಳಲ್ಲಿ ಅಣ್ಣತಂಗಿಯರಂತೆ ಬೆಳೆದರು. 1961ರಲ್ಲಿ ಭಾರತ ಸರ್ಕಾರ ಟಿಬೆಟಿಯನ್ ಮಕ್ಕಳಿಗಾಗಿಯೇ ಕೇಂದ್ರೀಯ ಶಾಲಾ ಆಡಳಿತ ಮಂಡಳಿಯನ್ನು ರಚಿಸಿತು.

ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಅನಂತರ ಉತ್ತರ ಕನ್ನಡದ ಮುಂಡಗೋಡು, ಹುಣಸೂರು ತಾಲ್ಲೂಕಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲೂ ಶಿಬಿರಗಳಾದವು. ಚಳಿನಾಡಿನಿಂದ ಬಂದವರು ಇಲ್ಲಿನ ಬಿಸಿಲಿನಲ್ಲಿ ಕಾಡು ಕಡಿದು, ಆನೆಗಳ ಕಾಟ ತಡೆದು ಮುಸುಕಿನ ಜೋಳ ಬೆಳೆದರು. ಸಹಕಾರ ಸಂಘ ಕಟ್ಟಿದರು. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಸ್ವೆಟರ್ ಮಾರಲು ಬರುವ ಟಿಬೆಟಿಯನ್ನರನ್ನು ನೀವು ನೋಡಿಯೇ ಇರುತ್ತೀರಿ. ಬೇಸಾಯದ ಆದಾಯ ಸಾಲದ ಕುಟುಂಬಗಳು ಕಂಡುಕೊಂಡ ದಾರಿ ಅದು.

ಇಲ್ಲಿ ಮೂರು ಸಂಗತಿಗಳು ಒಟ್ಟಾಗಿ ಬಂದವು: ಉಳಲು ನೆಲ, ತಮ್ಮ ಭಾಷೆಯನ್ನೂ ಉಳಿಸಿದ ಶಾಲೆ, ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಸಂಘ. ಹಾಗಾಗಿ ಒಂದು ತಲೆಮಾರಿನೊಳಗೆ ರಸ್ತೆ ಕೂಲಿಗಳ ಮಕ್ಕಳು ಶಿಕ್ಷಕರು, ದಾದಿಯರು, ವೈದ್ಯರು ಆದರು. ಆದರೆ ಕಾನೂನಿನ ತೊಡಕು ಉಳಿದೇ ಇತ್ತು. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಟಿಬೆಟಿಯನ್ನರ ವಾಸ ಸರ್ಕಾರ ಕೊಡುವ ನೋಂದಣಿ ಪತ್ರದ ಮೇಲೆ ನಿಂತಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ಪೌರರು ಎಂಬ ಕಾನೂನು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ನೀಡಿತು. ಅನಂತರ ಹುಟ್ಟಿದ ಯುವಕ ಯುವತಿಯರಿಗೆ ಆ ಬಾಗಿಲು ತೆರೆಯಲಿಲ್ಲ.

ನೆರವು ಎಂದರೆ ಏನೇನು?

ಈ ಅನುಭವಗಳಿಂದ ನೆರವಿನ ಕೆಲವು ಮೆಟ್ಟಿಲುಗಳನ್ನು ಗುರುತಿಸಬಹುದು.

ಮೊದಲನೆಯದು, ಮನೆಯವರನ್ನು ಹುಡುಕಿಕೊಡುವುದು. 1994ರ ರುವಾಂಡ ನರಮೇಧದ ನಂತರ ಬೇರ್ಪಟ್ಟ ಮಕ್ಕಳ ಭಾವಚಿತ್ರಗಳನ್ನು ಶಿಬಿರಗಳಲ್ಲಿ ಅಂಟಿಸಿ ಸಂಬಂಧಿಕರನ್ನು ಪತ್ತೆಹಚ್ಚಿದರು. ರೆಡ್ ಕ್ರಾಸ್ ಸಂಸ್ಥೆ ಈ ಕೆಲಸದಲ್ಲಿ ಬಹಳ ಹಳಬ.

ಎರಡನೆಯದು, ಮನಸ್ಸಿನ ಆರೈಕೆ. ಯುದ್ಧ ಕಂಡವರೆಲ್ಲ ಮಾನಸಿಕ ರೋಗಿಗಳಾಗುತ್ತಾರೆ ಎಂದು ತಿಳಿಯಬಾರದು. ಕೆಟ್ಟ ಕನಸು, ಬೆಚ್ಚಿಬೀಳುವುದು, ಮೌನ, ಸಿಟ್ಟು ಇವು ಮೊದಲಲ್ಲಿ ಸಹಜ. ಸುರಕ್ಷಿತ ಜಾಗ, ನಂಬಿಕೆಯ ಜನ, ದಿನಕ್ಕೊಂದು ಕ್ರಮ, ಆಟ, ಪಾಠ ದೊರೆತರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ತಜ್ಞರ ಚಿಕಿತ್ಸೆ ಬೇಕು. 2004ರ ಸುನಾಮಿಯ ನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸ್ಥಳೀಯ ಕಾರ್ಯಕರ್ತರಿಗೆ ಇಂಥ ಪ್ರಾಥಮಿಕ ಮನೋಸಾಮಾಜಿಕ ಆರೈಕೆಯ ತರಬೇತಿ ಕೊಟ್ಟಿತು. ಅದು ಯುದ್ಧವಲ್ಲವಾದರೂ ವಿಧಾನ ಒಂದೇ.

ಮೂರನೆಯದು, ಓದು. ತಪ್ಪಿಹೋದ ಎರಡು ವರ್ಷಗಳ ಪಾಠವನ್ನು ಒಂದು ವರ್ಷದಲ್ಲಿ ಮುಗಿಸುವ ತ್ವರಿತ ತರಗತಿ, ಅಂಕಪಟ್ಟಿ ಇಲ್ಲದವರಿಗೆ ಮಟ್ಟ ನೋಡಿ ಸೇರಿಸಿಕೊಳ್ಳುವ ಪರೀಕ್ಷೆ, ಹುಡುಗಿಯರಿಗೆ ಮನೆಗೆ ಹತ್ತಿರದ ಶಾಲೆ ಇವು ಬೇಕು. ಉನ್ನತ ಶಿಕ್ಷಣದ ಸ್ಥಿತಿಯಂತೂ ಕಳವಳಕಾರಿ. ಸುಮಾರು 2016ರಲ್ಲಿ ನಿರಾಶ್ರಿತ ಯುವಜನರಲ್ಲಿ ನೂರಕ್ಕೆ ಒಬ್ಬರು ಮಾತ್ರ ಕಾಲೇಜಿನ ಮಟ್ಟ ಮುಟ್ಟಿದ್ದರು. 2023ರ ಹೊತ್ತಿಗೆ ಅದು ನೂರಕ್ಕೆ ಏಳಾಯಿತು. 2030ಕ್ಕೆ ಹದಿನೈದು ಆಗಬೇಕೆಂಬುದು ಗುರಿ. ತಾನೇ ನಿರಾಶ್ರಿತನಾಗಿದ್ದ ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಹೆಸರಿನಲ್ಲಿ ಜರ್ಮನಿಯ ಧನಸಹಾಯದಿಂದ 1992ರಿಂದ ನಡೆದ ವಿದ್ಯಾರ್ಥಿವೇತನ ಯೋಜನೆ ಈ ದಿಕ್ಕಿನಲ್ಲಿ ಮುಖ್ಯವಾದುದು.

ನಾಲ್ಕನೆಯದು, ದುಡಿಮೆ. ಹೊಲಿಗೆ, ಮರಗೆಲಸ, ಗಣಕ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚಿದರೆ ಸಾಲದು. ಒಂದೇ ಶಿಬಿರದಲ್ಲಿ ನೂರು ಮಂದಿ ದರ್ಜಿಗಳಾದರೆ ಬಟ್ಟೆ ಹೊಲಿಸುವವರು ಯಾರು? ಮಾರುಕಟ್ಟೆಯನ್ನು ನೋಡಿ ಕಸುಬು ಕಲಿಸಬೇಕು, ಕೆಲಸ ಮಾಡುವ ಹಕ್ಕನ್ನೂ ಕೊಡಬೇಕು.

ಐದನೆಯದು, ಸ್ಥಳೀಯರ ಹಿತ. ಕಕುಮಾದ ಸುತ್ತಲಿನ ತುರ್ಕಾನಾ ಜನರೂ ಬಡ ಪಶುಪಾಲಕರೇ. ಬೇಲಿಯ ಒಳಗಿನವರಿಗೆ ಪಡಿತರ, ಹೊರಗಿನವರಿಗೆ ಬರಗಾಲ ಎಂದಾದರೆ ದ್ವೇಷ ಹುಟ್ಟುತ್ತದೆ. ಶಾಲೆ, ಆಸ್ಪತ್ರೆ ಇಬ್ಬರಿಗೂ ಆಗಬೇಕು.

ಬಂದೂಕು ಕೆಳಗಿಟ್ಟ ಮೇಲೆ

ಬಾಲಸೈನಿಕರ ವಿಷಯ ಇನ್ನೂ ಸೂಕ್ಷ್ಮ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದಲ್ಲಿ 1991ರಿಂದ 2002ರವರೆಗೆ ನಡೆದ ಯುದ್ಧದಲ್ಲಿ ಸಾವಿರಾರು ಮಕ್ಕಳನ್ನು ಬಲವಂತದಿಂದ ಸೇರಿಸಿಕೊಂಡರು. ಯುದ್ಧ ಮುಗಿದಾಗ ಆಯುಧ ಒಪ್ಪಿಸಿದವರೇ ಯೋಧರು ಎಂಬ ಅಳತೆ ಅನೇಕ ಕಡೆ ಬಳಕೆಯಾಯಿತು. ಅಡುಗೆ ಮಾಡಿದ, ಹೊರೆ ಹೊತ್ತ, ಬಲವಂತದ ಮದುವೆಗೆ ಸಿಕ್ಕಿದ ಹುಡುಗಿಯರ ಕೈಯಲ್ಲಿ ಒಪ್ಪಿಸಲು ಬಂದೂಕು ಇರಲಿಲ್ಲ. ಅವರಲ್ಲಿ ಬಹಳ ಮಂದಿ ನೆರವಿನಿಂದ ಹೊರಗುಳಿದರು.

ಅದೇ ದೇಶದ ಒಂದು ಒಳ್ಳೆಯ ಕ್ರಮವನ್ನೂ ಹೇಳಬೇಕು. ಹಿಂದಿರುಗಿದ ಬಾಲಸೈನಿಕನಿಗೆ ಮಾತ್ರ ಪುಸ್ತಕ, ಶುಲ್ಕ ಕೊಟ್ಟಿದ್ದರೆ ‘ಕೊಂದವನಿಗೆ ಬಹುಮಾನವೇ?’ ಎಂದು ಊರವರು ಕೇಳುತ್ತಿದ್ದರು. ಅದಕ್ಕೆ ಬದಲಾಗಿ ಅಂಥ ಮಕ್ಕಳನ್ನು ಸೇರಿಸಿಕೊಂಡ ಶಾಲೆಗೇ ಎಲ್ಲ ಮಕ್ಕಳ ಬಳಕೆಗೆ ಬರುವ ಕಲಿಕೆಯ ಸಾಮಗ್ರಿಯನ್ನು ಒದಗಿಸಿದರು. ಮಗು ಬಂದುದರಿಂದ ಊರಿಗೆ ಒಳ್ಳೆಯದಾಯಿತು ಎಂಬ ಭಾವನೆಗೆ ಅದು ದಾರಿ ಮಾಡಿತು.

ಹಕ್ಕು ಮತ್ತು ಪಾಲ್ಗೊಳ್ಳುವಿಕೆ

1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ನಿರಾಶ್ರಿತ ಮಕ್ಕಳ ರಕ್ಷಣೆಗೆ ಅದರ 22ನೆಯ ವಿಧಿ, ಯುದ್ಧಪೀಡಿತ ಮಕ್ಕಳ ಚೇತರಿಕೆಗೆ 39ನೆಯ ವಿಧಿ ಇವೆ. ಮೊಜಾಂಬಿಕ್‌ನ ಶಿಕ್ಷಣ ಸಚಿವೆಯಾಗಿದ್ದ ಗ್ರಾಸಾ ಮಾಶೆಲ್ 1996ರಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿ ಯುದ್ಧ ಮಕ್ಕಳಿಗೆ ಮಾಡುವ ಹಾನಿಯನ್ನು ಜಗತ್ತಿನ ಮುಂದಿಟ್ಟಿತು. 2015ರ ಡಿಸೆಂಬರಿನಲ್ಲಿ ಭದ್ರತಾ ಮಂಡಳಿ 2250ನೆಯ ಗೊತ್ತುವಳಿಯನ್ನು ಸ್ವೀಕರಿಸಿ, ಶಾಂತಿಯ ಮಾತುಕತೆಯಲ್ಲಿ, ಪುನರ್ನಿರ್ಮಾಣದಲ್ಲಿ ಯುವಜನರಿಗೂ ಸ್ಥಾನವಿರಬೇಕೆಂದು ಮೊದಲ ಬಾರಿಗೆ ಹೇಳಿತು.

ಸಬಲೀಕರಣ ಎಂಬ ಪದವನ್ನು ನಾವು ಸುಲಭವಾಗಿ ಬಳಸುತ್ತೇವೆ. ಅದರ ಅರ್ಥ ಇಷ್ಟೇ: ಶಿಬಿರದಲ್ಲಿ ನೀರಿನ ನಲ್ಲಿ ಎಲ್ಲಿರಬೇಕು, ಶಾಲೆ ಎಷ್ಟು ಹೊತ್ತಿಗೆ ನಡೆಯಬೇಕು, ಯಾವ ಕಸುಬು ಕಲಿಸಬೇಕು ಎಂದು ತೀರ್ಮಾನಿಸುವ ಮೊದಲು ಅಲ್ಲಿರುವ ಹುಡುಗ ಹುಡುಗಿಯರನ್ನು ಕೇಳುವುದು, ಅವರು ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಸಾಧ್ಯವಾದ ಕಡೆ ಆ ಕೆಲಸವನ್ನು ಅವರ ಕೈಗೇ ಕೊಡುವುದು. ಕಕುಮಾದ ಹಿರಿಯ ಹುಡುಗರು ಕಿರಿಯರಿಗೆ ಪಾಠ ಹೇಳಿದಾಗ ಆದದ್ದು ಇದೇ.

ವಿದ್ಯಾರ್ಥಿ ಮಿತ್ರರೇ, ದೂರದ ಯುದ್ಧವನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ ನಿಜ. ಆದರೆ ನೆಲೆ ತಪ್ಪಿದವರ ಬಗ್ಗೆ ಬಾಯಿಂದ ಬಾಯಿಗೆ ಹರಡುವ ಮಾತುಗಳನ್ನು ಪರೀಕ್ಷಿಸದೆ ನಂಬದಿರುವುದು ನಿಮ್ಮ ಕೈಯಲ್ಲಿದೆ. ನಿಮ್ಮ ತರಗತಿಗೆ ಬೇರೆ ದೇಶದಿಂದಲೋ, ನಮ್ಮದೇ ದೇಶದ ಗಲಭೆಪೀಡಿತ ಊರಿನಿಂದಲೋ ಒಬ್ಬರು ಬಂದು ಸೇರಿದರೆ, ಅವರ ಹಿಂದಿನ ಕಥೆಯನ್ನು ಕೆದಕಿ ಕೇಳುವ ಬದಲು ತಪ್ಪಿಹೋದ ಪಾಠದ ಟಿಪ್ಪಣಿಯನ್ನು ಕೊಡಿ, ಆಟಕ್ಕೆ ಕರೆಯಿರಿ, ಕನ್ನಡದ ನಾಲ್ಕು ಮಾತು ಕಲಿಸಿ. ಕಥೆ ಹೇಳಬೇಕೆನಿಸಿದ ದಿನ ಅವರೇ ಹೇಳುತ್ತಾರೆ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಅಂಕಪಟ್ಟಿ ಇಲ್ಲದೆ ಬಂದ ವಿದ್ಯಾರ್ಥಿಯನ್ನು ನಿಮ್ಮ ಶಾಲೆ ಯಾವ ತರಗತಿಗೆ, ಹೇಗೆ ಸೇರಿಸಿಕೊಳ್ಳಬೇಕು?

2. ಕಕುಮಾದಲ್ಲಿ ಹುಡುಗಿಯರು ಲೆಕ್ಕಕ್ಕೆ ಸಿಗದೆ ಹೋದುದಕ್ಕೆ ಕಾರಣವೇನು? ಅದನ್ನು ತಪ್ಪಿಸಲು ಏನು ಮಾಡಬಹುದಿತ್ತು?

3. ಬೈಲಕುಪ್ಪೆಯಲ್ಲಿ ನೆಲ, ಶಾಲೆ, ಸಹಕಾರ ಸಂಘ ಈ ಮೂರರಲ್ಲಿ ಯಾವುದಾದರೂ ಒಂದು ಇಲ್ಲದಿದ್ದರೆ ಏನಾಗುತ್ತಿತ್ತು?

4. ನೆರವನ್ನು ಒಬ್ಬ ಬಾಲಸೈನಿಕನಿಗೆ ಕೊಡುವುದಕ್ಕೂ ಅವನು ಸೇರಿದ ಇಡೀ ಶಾಲೆಗೆ ಕೊಡುವುದಕ್ಕೂ ಏನು ವ್ಯತ್ಯಾಸ? ನಿಮ್ಮ ಊರಿನ ಉದಾಹರಣೆಯೊಂದಿಗೆ ಚರ್ಚಿಸಿ.